ಹೋಗಬೇಡ ಅಂದವಳು ನಾನು

ಬುದ್ಧಿ ಹೇಳುವ ಚಟ ನನಗೆ ಚಿಕ್ಕಂದಿನಿಂದ ಇತ್ತು. ಅಂಕೋಲೆಯ ಮೀನು ಪೇಟೆಯಲ್ಲಿ ಯಾರಾದರೂ ಬಂಗಡೆ ಆರಿಸುತ್ತ ನಿಂತಿದ್ದರೆ, ಪರಿಚಯ ಇರಲಿ ಬಿಡಲಿ, ಅದು ನಿನ್ನೆಯದು, ಕಣ್ಣು ನೋಡಿ ಎಂದು ಹೇಳದೆ ನಾನು ಮುಂದೆ ಹೋಗುತ್ತಿರಲಿಲ್ಲ. ಮೀನು ಮಾರುವವಳು ನನ್ನನ್ನು ಕಂಡರೆ ಬುಟ್ಟಿ ಮುಚ್ಚುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನನ್ನ ಗಂಡ, "ಈ ಬಾಯಿಗೊಂದು ಬೀಗ ಮಾಡ್ಸೂಕೆ ಕೊಡ್ತೆ ಕಾಣು" ಎಂದು ತಮಾಷೆ ಮಾಡುತ್ತಿದ್ದರು. ಈಗ ಆ ಚಟ ಬಿಟ್ಟಿದೆ. ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಮಲ್ಲಾಪುರದ ಬಸ್ಸು ಇದೇ ಹೌದಾ ಎಂದು ಕೇಳಿದರೆ, ಅದು ನಾನು ವಾರಕ್ಕೆ ಮೂರು ಸಲ ಹತ್ತುವ ಬಸ್ಸೇ ಆದರೂ, ಕಂಡಕ್ಟರನ್ನೇ ಕೇಳಿ ಎನ್ನುತ್ತೇನೆ. ಯಾಕೆ ಹೀಗಾದೆ ಎಂದು ಬರೆಯಲು ಕೂತರೆ ಒಂದು ಪಟ್ಟಣದ ಕತೆಯನ್ನೇ ಬರೆಯಬೇಕಾಗುತ್ತದೆ.

ಆ ಪಟ್ಟಣ ಸುಡಾನ್ ದೇಶದ ಖಾರ್ಟೂಮ್. ನನ್ನ ಗಂಡ ಲೇಥ್ ಕೆಲಸದವರು. ನೀರಿನ ಪಂಪು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅವರಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಮಕ್ಕಳಿಲ್ಲದ ನಾವಿಬ್ಬರೂ ಹನ್ನೊಂದು ವರ್ಷ ಅಲ್ಲಿದ್ದೆವು. ಎರಡು ಹೊಳೆಗಳು ಬಂದು ಕೂಡುವ ಜಾಗ ಅದು. ಒಂದರ ನೀರು ಅಕ್ಕಿ ತೊಳೆದ ನೀರಿನ ಬಣ್ಣ, ಇನ್ನೊಂದರದು ಕಡುನೀಲಿ, ಮಳೆ ತಿಂಗಳಲ್ಲಿ ಕೆಂಪು. ಕೂಡಿದ ಮೇಲೂ ಸ್ವಲ್ಪ ದೂರ ಎರಡೂ ಬೇರೆ ಬೇರೆಯಾಗಿಯೇ ಹರಿಯುತ್ತವೆ. ನಡುವೆ ನಮ್ಮ ಕಡೆಯ ಕೂರ್ವೆಗಳ ಹಾಗೆ ಒಂದು ದ್ವೀಪ, ಅಲ್ಲಿಂದ ಬೆಂಡೆಕಾಯಿ, ಸೊಪ್ಪು ಬರುತ್ತಿತ್ತು. ಹೊಳೆಯ ದಂಡೆಗಳಲ್ಲಿ ಮೂರು ಪಟ್ಟಣ, ಮೂರಕ್ಕೂ ಸೇತುವೆ. ಒಂದರಲ್ಲಿ ಎದ್ದು, ಇನ್ನೊಂದರಲ್ಲಿ ಕೆಲಸ ಮಾಡಿ, ಮೂರನೆಯದರಲ್ಲಿ ಮದುವೆ ಊಟ ಉಂಡು ಬರುವ ಜನ ಅವರು. ಮನೆಯ ಹೊರಗೆ ದಾರಿಹೋಕರಿಗೆಂದು ಮಣ್ಣಿನ ಹಂಡೆಯಲ್ಲಿ ತಣ್ಣೀರು ಇಡುತ್ತಿದ್ದರು. ಯಾರು ಬೇಕಾದರೂ ಕುಡಿಯಬಹುದಿತ್ತು. ನಾನೂ ಒಂದು ಇಟ್ಟಿದ್ದೆ.

ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಒಬ್ಬ ಟೀಚರು ಇದ್ದಳು. ಮದುವೆಯಾಗಿರಲಿಲ್ಲ. ಮುದಿ ತಾಯಿ ಮತ್ತು ಅವಳು, ಇಬ್ಬರೇ. ತಾಯಿಗೆ ಸಕ್ಕರೆ ಕಾಯಿಲೆ ವಿಪರೀತ, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು. ಮೊಣಕಾಲು ಬೇರೆ ಹೋಗಿತ್ತು. ಟೀಚರು ನನಗಿಂತ ಎರಡು ವರ್ಷ ದೊಡ್ಡವಳೆಂದು ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ. ಆ ಶಬ್ದ ಕಲಿತು ಅವಳೂ ನನ್ನನ್ನು ಅಕ್ಕ ಎನ್ನತೊಡಗಿದಳು. ಹಾಗಲ್ಲ ಮಾರಾಯ್ತಿ, ನಾನು ತಂಗಿ ಎಂದು ತಿದ್ದಲು ಹೋಗಿ ಸೋತೆ. ಅವಳು ಆಡುತ್ತಿದ್ದದ್ದು ಅರಬ್ಬಿ, ನನ್ನದು ಸಂತೆಯಲ್ಲಿ ಕಲಿತ ಅರಬ್ಬಿ. ಆದರೆ ಅವಳ ಮಾತು ನೆನಪಾಗುವಾಗಲೆಲ್ಲ ನಮ್ಮ ಶೆಟಗೇರಿ ಕಡೆಯ ಕನ್ನಡದಲ್ಲೇ ನೆನಪಾಗುತ್ತದೆ. ಹಾಗೆಯೇ ಬರೆಯುತ್ತೇನೆ.

ಶೆಟಗೇರಿಯಲ್ಲಿ ನಮ್ಮದು ಬೇಸಾಯದ ಮನೆ. ಮಳೆಗಾಲ ಹಿಡಿಯುವ ಮೊದಲು ಅಕ್ಕಿ, ಉಪ್ಪು, ಮೆಣಸು, ಹುಣಸೆ, ಒಣ ಮೀನು, ಕಟ್ಟಿಗೆ ಎಲ್ಲ ಒಳಗೆ ಸೇರಬೇಕು. ಆಮೇಲೆ ಎಂಟು ದಿನ ಜಡಿ ಮಳೆ ಹೊಡೆಯಲಿ, ಹದಿನೈದು ದಿನ ಹೊಡೆಯಲಿ, ಹೊಳವಾಗುವವರೆಗೆ, ಅಂದರೆ ಮಳೆ ನಿಂತು ಆಕಾಶ ಬಿಡುವವರೆಗೆ, ಯಾರೂ ದೂರ ಹೋಗುವುದಿಲ್ಲ. ನಾನು ಐದನೇ ಇಯತ್ತೆಯಲ್ಲಿದ್ದಾಗ ನನ್ನ ಸೋದರಮಾವ ಹಿಲ್ಲೂರಿನ ನೆಂಟರ ಮನೆಗೆ ಹೋಗಿದ್ದ. ಮಳೆ ಕಡಿಮೆಯಾಗಲಿ ಎಂದು ಅವರು ಎಷ್ಟು ಹೇಳಿದರೂ ಕೇಳದೆ ಹೊರಟು ತುಂಬಿದ ಹಳ್ಳ ದಾಟಲು ಹೋದ. ಮೂರು ದಿನದ ಮೇಲೆ ಹೆಣವಾಗಿ ಸಿಕ್ಕ. ಅಂದಿನಿಂದ ನನ್ನ ಅಬ್ಬೆ ಹೇಳುತ್ತಿದ್ದದ್ದು ಒಂದೇ. "ಹೊರಗೆ ಎಂಥದೇ ಆಗ್ಲಿ, ಒಳಗೆ ಕೂತ್ಕಳೂದು. ಅಕ್ಕಿ ಇದ್ರೆ ಸಾಕು." ಖಾರ್ಟೂಮಿಗೆ ಹೋದ ಮೇಲೂ ನನಗೆ ಆ ಅಭ್ಯಾಸ ಬಿಡಲಿಲ್ಲ. ಚೈತ್ರ ಬಂತೆಂದರೆ ಡಬ್ಬ ಡಬ್ಬ ತುಂಬಿಸುತ್ತಿದ್ದೆ. ಪಕ್ಕದ ಮನೆಯವಳು ನೋಡಿ ನಗುತ್ತಿದ್ದಳು. "ಯಾವ ಮಳೆಗೆ ಕಾಯ್ತೀಯೇ ಅಕ್ಕಾ? ಇಲ್ಲಿ ಬರೂದು ಬರೀ ಧೂಳು."

ಯುದ್ಧ ಶುರುವಾದದ್ದು ಅವರ ರಂಜಾನ್ ಉಪವಾಸ ಮುಗಿಯಲು ಒಂದು ವಾರ ಇದ್ದಾಗ, ಒಂದು ಶನಿವಾರ ಬೆಳಿಗ್ಗೆ. ಎಲ್ಲೋ ಟ್ಯಾಂಕರು ಸಿಡಿಯಿತು ಎಂದುಕೊಂಡೆ. ಆಮೇಲೆ ಸದ್ದು ನಿಲ್ಲಲೇ ಇಲ್ಲ. ದೇಶವನ್ನು ಕೂಡಿ ಆಳುತ್ತಿದ್ದ ಇಬ್ಬರು ತಮ್ಮ ತಮ್ಮೊಳಗೆ ಕಾದಾಟಕ್ಕೆ ಬಿದ್ದಿದ್ದರು. ಒಬ್ಬನ ಕೈಯಲ್ಲಿ ಸೈನ್ಯ, ಇನ್ನೊಬ್ಬನ ಕೈಯಲ್ಲಿ ಅವನದೇ ಪಡೆ. ಸೇತುವೆಯ ಈ ತುದಿಯಲ್ಲಿ ಇವರು, ಆ ತುದಿಯಲ್ಲಿ ಅವರು. ಬೆಳಿಗ್ಗೆ ಕೆಲಸಕ್ಕೆಂದು ಆಚೆ ಹೋದವರಿಗೆ ಸಂಜೆ ಮನೆಗೆ ಬರಲು ಆಗಲಿಲ್ಲ. ಮೊದಲ ದಿನವೇ ನಲ್ಲಿ ನಿಂತಿತು, ಎರಡನೆಯ ದಿನ ಕರೆಂಟು ಹೋಯಿತು. ಹೊಳೆ ಅಷ್ಟು ಹತ್ತಿರ ಇದ್ದೂ ಹಂಡೆಗಳಲ್ಲಿ ಉಳಿದದ್ದಷ್ಟೇ ನೀರು. ಟೀಚರು ತಾಯಿಯ ಇನ್ಸುಲಿನ್ ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಣ್ಣಿನ ಹಂಡೆಯಲ್ಲಿ ಇಟ್ಟಳು. ನಾನು ಅಕ್ಕಿ ಡಬ್ಬ ತೆಗೆದೆ. ಆ ನಾಲ್ಕು ದಿನ ಎರಡೂ ಮನೆಗೆ ನಮ್ಮ ಗಂಜಿಯೇ. ಹೇಳಲು ನಾಚಿಕೆಯಾಗುತ್ತದೆ, ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ನೋಡು, ನಗುತ್ತಿದ್ದೆಯಲ್ಲ ಎಂದು ಅವಳಿಗೆ ಹೇಳಿಯೂ ಬಿಟ್ಟೆ.

ಐದನೆಯ ದಿನ ಅವಳ ತಮ್ಮ ಬಂದ. ಹೊಳೆಯ ಮೇಲ್ಗಡೆ ಅರ್ಧ ದಿನದ ದಾರಿಯಲ್ಲಿ ಅವನ ಹಳ್ಳಿ. ಯಾರದೋ ಪಿಕಪ್ ತೆಗೆದುಕೊಂಡು, ಸದ್ದು ಸ್ವಲ್ಪ ಕಡಿಮೆಯಾದ ಹೊತ್ತು ನೋಡಿ ಬಂದಿದ್ದ. ಹಿಂದೆ ಹಾಸಿಗೆ ಹಾಕಿ ತಾಯಿಯನ್ನು ಮಲಗಿಸಲು ಜಾಗ ಮಾಡಿದ್ದ. ಬೇಗ ಬೇಗ ಎನ್ನುತ್ತಿದ್ದ. ಅವಳು ಬಾಗಿಲಲ್ಲಿ ನಿಂತಳು, ಅತ್ತ ಗಾಡಿ ನೋಡಿದಳು, ಇತ್ತ ತಾಯಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಎಂತ ಮಾಡ್ಲಿ ಅಕ್ಕಾ? ನೀ ಹೇಳು."

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಅದು ನನ್ನ ದೇಶ ಅಲ್ಲ, ನನ್ನ ಯುದ್ಧ ಅಲ್ಲ, ಜನ್ಮದಲ್ಲಿ ಬಂದೂಕು ಕಂಡವಳಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಹೋಗ್ಬೇಡ," ಎಂದೆ. "ಇಂಥ ಹೊತ್ತಲ್ಲಿ ದಾರಿಗೆ ಬೀಳೂಕಾಗ. ನಡುವೆ ಎಲ್ಲಾದ್ರೂ ಸಿಕ್ಕಿಬಿದ್ರೆ ಅಬ್ಬೆಯ ಎತ್ಕಂಡು ಓಡ್ತೀಯಾ? ಅಕ್ಕಿ ಅದೆ, ಔಷಧಿ ಅದೆ. ಎಂಟು ಹತ್ತು ದಿನದಲ್ಲಿ ಕಡಿಮೆ ಆಗ್ತದೆ. ಕೂತ್ಕಂಬ." ಸೋದರಮಾವನ ಕತೆಯನ್ನೂ ಹೇಳಿದೆ. ಅವಳ ತಮ್ಮ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಅವನು ಅಕ್ಕನ ಕೈ ಹಿಡಿದು ಮತ್ತೆ ಮತ್ತೆ ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ಆ ಹಾಸಿಗೆಯ ಮೇಲೆ ಓಣಿಯ ಬೇರೊಂದು ಮನೆಯ ಬಸುರಿಯನ್ನು ಕೂರಿಸಿಕೊಂಡು ಅವನು ಹೋದ. ಅವರೆಲ್ಲ ಅದೇ ಸಂಜೆ ಹಳ್ಳಿ ಮುಟ್ಟಿದರು.

ಐದಾರು ದಿನಕ್ಕೆ ಇಂಡಿಯಾದವರನ್ನೆಲ್ಲ ಬಸ್ಸಿನಲ್ಲಿ ಸಮುದ್ರ ತೀರದ ಬಂದರಿಗೆ ಒಯ್ದು, ಅಲ್ಲಿಂದ ಹಡಗಿನಲ್ಲಿ ದಾಟಿಸುತ್ತಾರೆ ಎಂದು ಸುದ್ದಿ ಬಂತು. ಒಂದು ಗಂಟೆಯೊಳಗೆ ಹೊರಡಬೇಕಿತ್ತು. ದಾರಿಗೆ ಬೀಳಬಾರದು ಎಂದವಳು ನಾನು ಒಂದು ಚೀಲ ಹೆಗಲಿಗೆ ಹಾಕಿಕೊಂಡು ಗಂಡನ ಜೊತೆ ಹೊರಟೇಬಿಟ್ಟೆ. ಉಳಿದ ಅಕ್ಕಿ, ಒಣ ಸೀಗಡಿ, ಎಣ್ಣೆ ಎಲ್ಲ ಅವಳ ಅಡಿಗೆಮನೆಯಲ್ಲಿ ತಂದಿಟ್ಟೆ. ನೀವೂ ಬನ್ನಿ ಎಂದು ಬಾಯಿತುದಿಗೆ ಬಂದದ್ದನ್ನು ನುಂಗಿದೆ, ಯಾಕೆಂದರೆ ಆ ಬಸ್ಸು ಅವಳಿಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ತಾಯಿ ಮಲಗಿದಲ್ಲಿಂದಲೇ ನನ್ನ ತಲೆಯ ಮೇಲೆ ಕೈಯಿಟ್ಟಳು. ನಾನು ಅಳುತ್ತ ನಿಂತಿದ್ದೆ.

"ನೀ ಹೋಗೇ," ಎಂದಳು ಅವಳು. "ನಿನ್ನ ಕರೆಯೂಕೆ ಒಂದು ದೇಶ ಅದೆ." ಅದನ್ನು ಅವಳು ಚುಚ್ಚಲು ಹೇಳಿದ್ದಲ್ಲ. ಚುಚ್ಚುವ ಜಾತಿಯವಳೇ ಅಲ್ಲ ಅವಳು.

ಊರಿಗೆ ಬಂದ ಮೇಲೆ ಕೆಲವು ತಿಂಗಳು ಶೆಟಗೇರಿಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದೆವು. ನೋಡಲು ಬಂದವರಿಗೆಲ್ಲ ಬಾಂಬಿನ ಕತೆ ಬೇಕು. ಗಂಡ ಹೇಳುತ್ತಿದ್ದರು, ನಾನು ಚಾ ಕೊಟ್ಟು ಒಳಗೆ ಹೋಗುತ್ತಿದ್ದೆ. ಟೀಚರಿಗೆ ದಿನಾ ಮೆಸೇಜು ಹಾಕುತ್ತಿದ್ದೆ. ವಾರಕ್ಕೊಮ್ಮೆ ಯಾವಾಗಲೋ ಅವಳಿಗೆ ನೆಟ್‌ವರ್ಕು ಸಿಗುತ್ತಿತ್ತು. ಕತ್ತೆಗಾಡಿಯವರು ಹೊಳೆಯಿಂದ ನೀರು ತಂದು ಮಾರುತ್ತಿದ್ದಾರೆ ಎಂದಳು. ನಮ್ಮ ಮನೆಗೆ ನುಗ್ಗಿ ಫ್ಯಾನು, ಗೋಡೆಯೊಳಗಿನ ವಯರು ಸಹ ಕಿತ್ತುಕೊಂಡು ಹೋದರು ಎಂದಳು. ಎಂಟು ಹತ್ತು ದಿನ ಕಳೆದು ಎರಡು ತಿಂಗಳಾಗಿತ್ತು. ಮೂರನೆಯ ತಿಂಗಳು ಒಂದು ಸಾಲು ಬಂತು. ಇನ್ಸುಲಿನ್ ಮುಗಿಯಿತು, ಎಲ್ಲೂ ಸಿಗಲಿಲ್ಲ, ಅಮ್ಮ ಹೋದಳು, ಸ್ಮಶಾನಕ್ಕೆ ಒಯ್ಯಲು ದಾರಿಯಿಲ್ಲ, ಅಂಗಳದಲ್ಲಿ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು. ಆಮೇಲೆ ಅವಳ ಫೋನು ಸತ್ತಿತು.

ಆ ದಿನ ನಾನು ಗದ್ದೆಗೆ ಬುತ್ತಿ ಒಯ್ಯಬೇಕಿತ್ತು. ಒಯ್ಯಲಿಲ್ಲ. ಅಣ್ಣನ ಹೆಂಡತಿ, "ಎಂತಾಯ್ತೇ?" ಎಂದು ಕೇಳಿದಾಗ ಎಲ್ಲ ಹೇಳಿಬಿಟ್ಟೆ. "ನೀ ಒಳ್ಳೇದಕ್ಕೇ ಹೇಳಿದ್ದಲ್ದಾ? ನಿಂದೆಂತ ತಪ್ಪು?" ಎಂದಳು. ಗಂಡನೂ ಅದನ್ನೇ ಹೇಳಿದರು. ಮಲ್ಲಾಪುರದಲ್ಲಿ ಅವರಿಗೊಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ, ಬಾಡಿಗೆ ಮನೆಯ ಪಕ್ಕದವರೂ ಅದನ್ನೇ ಹೇಳಿದರು. ಆ ವರ್ಷದ ಕೊನೆಗೆ ಯುದ್ಧ ಅವಳ ತಮ್ಮನ ಹಳ್ಳಿಯ ಕಡೆಗೂ ಹೋಯಿತು. ಗಂಡ ಟಿವಿಯ ಮುಂದಿನಿಂದ ನನ್ನನ್ನು ಕರೆದು, "ಕಾಣು, ಅಲ್ಲಿ ಹೋಗಿದ್ರೂ ಇದೇ ಆಗ್ತಿತ್ತು" ಎಂದರು. ನನಗೆ ಸಿಟ್ಟು ಬಂತು. ನಡುವೆ ಎಂಟು ತಿಂಗಳಿತ್ತು. ಎಂಟು ತಿಂಗಳು ಆ ಹಳ್ಳಿಯಲ್ಲಿ ದವಾಖಾನೆ ನಡೆಯುತ್ತಿತ್ತು. ನಾನು ಬೆರಳು ಮಡಚಿ ತೋರಿಸಿದೆ. ಅವರು ಟಿವಿ ಆರಿಸಿ ಎದ್ದು ಹೋದರು.

ಪಟ್ಟಣದ ಚಿತ್ರಗಳು ಮೊಬೈಲಿನಲ್ಲಿ ಬರುತ್ತಿದ್ದವು. ಒಂದು ಸೇತುವೆ ನಡುವೆ ಮುರಿದು ನೀರಿಗೆ ಬಾಗಿದೆ. ಚಾ ಮಾರುವ ಹೆಂಗಸರು ಕೂರುತ್ತಿದ್ದ ಮರಗಳಡಿ ಹುಲ್ಲು ಎದೆಯೆತ್ತರ ಬೆಳೆದಿದೆ. ಆಟದ ಬಯಲಿನಲ್ಲಿ ಗೋರಿಗಳು. ಸೈನ್ಯ ಪಟ್ಟಣವನ್ನು ಮರಳಿ ಹಿಡಿಯಿತು, ಜನ ಸ್ವಲ್ಪ ಸ್ವಲ್ಪ ವಾಪಸು ಬರುತ್ತಿದ್ದಾರೆ ಎಂದೂ ಬಂತು. ನಾನು ಪ್ರತಿ ಚಿತ್ರವನ್ನೂ ದೊಡ್ಡದು ಮಾಡಿ ಮುಖಗಳನ್ನು ನೋಡುತ್ತಿದ್ದೆ. ಇಲ್ಲಿ ಕಾಳಿ ಹೊಳೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ. ನಾನು ಸೇತುವೆ ದಾಟುವವರೆಗೆ ಕಣ್ಣು ಮುಚ್ಚುತ್ತೇನೆ.

ಕಳೆದ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ, ಗುರುತಿಲ್ಲದ ನಂಬರಿನಿಂದ ಫೋನು ಬಂತು. ನಾನು ಒದ್ದೆ ಬಟ್ಟೆಗಳನ್ನು ಒಳಗೆ ಹಗ್ಗಕ್ಕೆ ಹಾಕುತ್ತಿದ್ದೆ.

"ಅಕ್ಕಾ," ಎಂದಿತು ಆ ಕಡೆಯ ದನಿ.

ನಾನು ಅಲ್ಲೇ ನೆಲದ ಮೇಲೆ ಕೂತೆ. ಅವಳು ಈಜಿಪ್ಟಿನಲ್ಲಿದ್ದಳು. ತಾಯಿ ಹೋದ ಮೇಲೆ ತಿಂಗಳುಗಟ್ಟಲೆ ಅದೇ ಮನೆಯಲ್ಲಿದ್ದು, ಆಮೇಲೆ ಯಾರ ಯಾರದೋ ಜೊತೆ ಗಡಿ ದಾಟಿದ್ದಳು. ಈಗ ತನ್ನ ಊರಿನ ಮಕ್ಕಳಿಗೇ ಒಂದು ಕೋಣೆಯಲ್ಲಿ ಪಾಠ ಹೇಳುತ್ತಾಳೆ. "ಅದೇ ಹೊಳೆ ಇಲ್ಲೂ ಹೋಗ್ತದೆ. ನೋಡೂಕೆ ಹೋಗೂದಿಲ್ಲ ನಾನು," ಎಂದಳು. ತಮ್ಮ ಬದುಕಿದ್ದಾನೆ. ನಮ್ಮ ಓಣಿಯಲ್ಲಿ ನಾಲ್ಕು ಮನೆಯವರು ವಾಪಸು ಬಂದಿದ್ದಾರಂತೆ. ನನ್ನ ಗಂಡನ ಆರೋಗ್ಯ ಕೇಳಿದಳು. ನಾನು ಹ್ಞೂಂ, ಹ್ಞೂಂ ಎನ್ನುತ್ತಿದ್ದೆ. ಹೇಳಬೇಕಾದ ಮಾತನ್ನು ಈ ಎರಡು ವರ್ಷದಲ್ಲಿ ಅವಳ ಭಾಷೆಯಲ್ಲಿ ಎಷ್ಟೋ ಸಲ ಕಟ್ಟಿಕೊಂಡಿದ್ದೆ. ಕೊನೆಗೆ ಸಂತೆಯ ಅರಬ್ಬಿಯಲ್ಲೇ ಹೇಳಿದೆ.

"ಆ ದಿನ ಹೋಗ್ಬೇಡ ಅಂದೆ ನಾನು. ತಪ್ಪಾಯ್ತು."

ಮಾತಿಗೊಮ್ಮೆ ದೇವರ ಹೆಸರು ಹೇಳುವವಳು ಅವಳು. ಎಲ್ಲ ದೇವರ ಇಚ್ಛೆ, ನಿನ್ನದೇನಿದೆ ಎನ್ನುತ್ತಾಳೆ ಎಂದು ನಾನು ಕಾದೆ. ಆ ಮಾತಿಗೆ ಎಷ್ಟು ಹಸಿದಿದ್ದೆ ಎಂದು ಆಗ ನನಗೇ ತಿಳಿಯಿತು.

"ಹೌದು," ಎಂದಳು. "ತಪ್ಪಾಯ್ತು. ಆ ದಿನ ನಾವು ಹೋಗ್ಬೇಕಿತ್ತು. ಅಬ್ಬೆ ಇನ್ನೂ ಸ್ವಲ್ಪ ದಿನ ಇರ್ತಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳ ಲೆಕ್ಕ ನೋಡಿ ಸರಿಯಿದ್ದರೆ ಸರಿ, ತಪ್ಪಿದ್ದರೆ ತಪ್ಪು ಎನ್ನುವ ಟೀಚರ ದನಿ ಅದು. ಇಷ್ಟು ದಿನ ಎಲ್ಲರೂ ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ ಎಂದು ನನ್ನ ಬಾಯಿ ಕಟ್ಟಿದ್ದರು. ನಾನು ಗೋಡೆಗೆ ತಲೆಯಿಟ್ಟು ಅತ್ತೆ, ಹಾಗೆ ಅವಳ ತಾಯಿ ಸತ್ತ ದಿನವೂ ಅತ್ತಿರಲಿಲ್ಲ. ಆ ಕಡೆ ಅವಳೂ ಅಳುತ್ತಿದ್ದಳು. ಫೋನಿಡುವ ಮೊದಲು, "ಶುಕ್ರವಾರ ರಜೆ ನಂಗೆ," ಎಂದಳು. "ಮತ್ತೆ ಫೋನ್ ಮಾಡ್ತೆ. ಎತ್ತು."

ಎತ್ತುತ್ತೇನೆ ಎಂದೆ.