ಹಳ್ಳದ ದಡದಲ್ಲಿ ಅಕ್ಕ

ಮಧುಗಿರಿ ಬೆಟ್ಟದ ಹಿಂಬದಿಯಲ್ಲಿ ನಮ್ಮೂರಿನ ಹಳ್ಳವಿದೆ. ಭಾನುವಾರ ಬಂತೆಂದರೆ ಬೆಟ್ಟ ಹತ್ತಲು ಬರುವವರು ಅಲ್ಲಿ ಬೈಕು ನಿಲ್ಲಿಸಿ, ಬಂಡೆಗಳ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಬೈಕುಗಳು ಇಳಿದಿಳಿದು ದಡದಲ್ಲಿ ಗಾಡಿಯಗಲದ ಕೊರಕಲು ಬಿದ್ದಿತ್ತು. ಮಳೆಯಿಂದ ಮಳೆಗೆ ಅದು ದೊಡ್ಡದಾಗಿ, ನೀರು ನಿಲ್ಲದೆ ಮಣ್ಣನ್ನೂ ಎಳೆದುಕೊಂಡು ಓಡುತ್ತಿತ್ತು.

ಹೋದ ವರ್ಷ ಪಂಚಾಯಿತಿ ಹಳ್ಳ ಸರಿಪಡಿಸುವ ಕೆಲಸ ಹಿಡಿಯಿತು. ಕೂಲಿಗೆ ಬಂದ ಹೆಂಗಸರನ್ನು ನೋಡಿಕೊಳ್ಳುವ ಹೊಣೆ ನನ್ನದು. ನೀರಿಗೆ ಅಡ್ಡಲಾಗಿ ಕಲ್ಲು ಪೇರಿಸಬೇಕು, ಕಡಿದಾದ ದಡವನ್ನು ಇಳಿಜಾರು ಮಾಡಿ, ಬೇರು ಮಣ್ಣು ಹಿಡಿಯಲೆಂದು ಲಾವಂಚದ ಹುಲ್ಲು ನೆಡಬೇಕು. ಅವ್ವನೂ ಬಂದಿದ್ದಳು. ಹಳ್ಳದ ಕೆಲಸ ಅಂದಾಗ ಯಾಕೋ ಮೊದಲು ಬರಲ್ಲ ಅಂದಿದ್ದಳು. ನಾನೇ ಒತ್ತಾಯ ಮಾಡಿ ಕರೆತಂದಿದ್ದೆ.

ಮೂರನೆಯ ದಿನ, ದಡದ ತುದಿಯಲ್ಲಿ ಲಕ್ಕಿ ಗಿಡದ ಬುಡಕ್ಕಿದ್ದ ಚಪ್ಪಟೆ ಕಲ್ಲೊಂದನ್ನು ಎತ್ತಲು ಹೋದೆ. ಅವ್ವ ಮಂಕರಿ ಕೆಳಗಿಟ್ಟು ಹತ್ತಿರ ಬಂದಳು.

"ಆ ಕಲ್ಲು ಬುಡವ್ವ. ಅಲ್ಲಿ ನಿಮ್ಮಕ್ಕ ಅವ್ಳೆ," ಅಂದಳು.

ನನಗೊಬ್ಬಳು ಅಕ್ಕ ಇದ್ದಳೆಂದು ಮೂವತ್ತೆಂಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಅಲ್ಲೇ ಕೂತು ಅವ್ವ ಹೇಳಿದಳು. ನನಗಿಂತ ಎರಡು ವರ್ಷ ಮುಂಚೆ ಹುಟ್ಟಿದ ಕೂಸು ಒಂಬತ್ತು ದಿನ ಬದುಕಿತ್ತು. ಹೆಸರಿಡುವಷ್ಟರಲ್ಲಿ ಹೋಯಿತು. ಬಾಣಂತಿಯನ್ನು ಹೊರಗೆ ಬಿಡದೆ ಅಪ್ಪನೇ ತಂದು ಹೂತು, ನರಿ ಕೆದಕದಂತೆ ಕಲ್ಲು ಹೇರಿದ್ದ. ಆಗ ನೀರು ಅಲ್ಲಿಂದ ಇಪ್ಪತ್ತು ಮಾರು ದೂರವಿತ್ತಂತೆ. ಈಗ ಅರ್ಧ ಕಲ್ಲಿನಡಿ ಮಣ್ಣೇ ಇರಲಿಲ್ಲ.

"ಏನಾದ್ರೂ ಉಳ್ದೈತಾ ಅವ್ವ?" ಎಂದು ಕೇಳಿದೆ.

"ಯಾರಿಗ್ಗೊತ್ತು. ನೋಡಕ್ಕೆ ಹೋಗ್ಬ್ಯಾಡ," ಅಂದಳು.

ಆ ಜಾಗದಲ್ಲೂ ದಡ ಕಡಿಯಬೇಕೆಂದು ಇಂಜಿನಿಯರು ಸುಣ್ಣದ ಗೆರೆ ಎಳೆಸಿದ್ದರು. ಮರುದಿನ ಅವರು ಬಂದಾಗ ವಿಷಯ ಹೇಳಿದೆ. ಗೆರೆಯನ್ನು ಕಾಲಿನಿಂದ ಅಳಿಸಿ, ಇಲ್ಲಿ ಕಡಿಯುವುದು ಬೇಡ, ಕೆಳಗಿನಿಂದ ಕಲ್ಲು ಕಟ್ಟಿ ಮಣ್ಣು ತುಂಬಿ ಎಂದರು. ಹೆಂಗಸರು ಕಾರಣ ಕೇಳದೆ ಅಷ್ಟುದ್ದ ಗೋಡೆ ಕಟ್ಟಿದರು. ಅವರಲ್ಲಿ ವಯಸ್ಸಾದ ಇಬ್ಬರು ಆಗಾಗ ಆಚೆ ದಡದತ್ತ ನೋಡುತ್ತಿದ್ದರು. ಅಲ್ಲಿ ಅವರದೇನಿತ್ತೋ, ನಾನು ಕೇಳಲಿಲ್ಲ.

ಈ ಸಲದ ಮಳೆಗೆ ಹಳ್ಳದಲ್ಲಿ ನೀರು ನಿಂತಿತು. ಬೈಕು ಇಳಿಯದಂತೆ ಬಂಡೆ ಅಡ್ಡ ಇಟ್ಟಿದ್ದೇವೆ. ಜನ ನಡೆದು ಬಂದು ಕಾಲು ಇಳಿಬಿಟ್ಟು ಕೂರುತ್ತಾರೆ, ಮಕ್ಕಳು ನೀರೆರಚಾಡುತ್ತಾರೆ. ನೋಡಿ ಬರೋಣ ಬಾ ಅಂದರೆ ಅವ್ವ ಬರುವುದಿಲ್ಲ. ಗೋಡೆಯ ಕಲ್ಲು ಜರುಗಿದೆಯೇ ಎಂದು ನೋಡಲು ನಾನು ನೀರಿಗಿಳಿಯುತ್ತಿರುತ್ತೇನೆ. ಅಂಗಾಲಿಗೆ ನುಣ್ಣನೆಯದೇನಾದರೂ ತಾಕಿದರೆ ಬಗ್ಗಿ ನೋಡುವುದಿಲ್ಲ. ಬೆಣಚುಕಲ್ಲೇ ಇರಬೇಕು ಅಂದುಕೊಂಡು ಕಾಲು ಮುಂದಿಡುತ್ತೇನೆ.