ಸೂಜಿಗೆ ಹೆದರುವ ಟೈಲರ್

ಆ ಬೀದಿಯಲ್ಲಿ ಮಾಸ್ಟರ್ ಎಂದರೆ ಟೈಲರ್ ಒಬ್ಬರೇ. ಸೂಜಿಯಿಂದಲೇ ಹೊಟ್ಟೆ ಹೊರೆದವರು. ಕೆಲಸದಲ್ಲಿ ಬೆರಳಿಗೆ ಸೂಜಿ ಚುಚ್ಚಿದರೆ ಬಾಯಲ್ಲಿಟ್ಟು ಚೀಪಿ, ಹೊಲಿಗೆ ಮುಂದುವರಿಸುತ್ತಿದ್ದರು. ಆದರೆ ಬೇರೆಯವರು ಸೂಜಿ ಹಿಡಿದು ತಮ್ಮ ಕಡೆ ಬಂದರೆ ಅವರ ಜೀವ ಬಾಯಿಗೆ ಬರುತ್ತಿತ್ತು. ಮದುವೆಗೆ ಮೊದಲು ಈ ವಿಷಯವನ್ನು ಹೆಣ್ಣಿನ ಮನೆಯವರಿಗೆ ಯಾರೂ ತಿಳಿಸಿರಲಿಲ್ಲ.

ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ಸೊಂಟವೂ ಬೆಳೆಯುತ್ತಿತ್ತು. ಬೇರೆಯವರಾಗಿದ್ದರೆ ಪ್ಯಾಂಟು ಬಿಗಿಯಾದಾಗ ಎಚ್ಚೆತ್ತುಕೊಳ್ಳುತ್ತಿದ್ದರು. ಮಾಸ್ಟರ್ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಸ್ವಲ್ಪ ಬಿಟ್ಟು, ಮತ್ತೆ ಹೊಲಿದುಕೊಳ್ಳುತ್ತಿದ್ದರು. ಹಾಗಾಗಿ ಅವರ ಲೆಕ್ಕದಲ್ಲಿ ಅವರು ದಪ್ಪಗಾಗಿರಲೇ ಇಲ್ಲ.

ಈ ಸಲ ಡಾಕ್ಟರಮ್ಮ ರಿಪೋರ್ಟು ನೋಡಿ, "ಮಾತ್ರೆ ಸಾಲ್ತಾ ಇಲ್ಲ ಮಾಸ್ಟರ್. ಮೂರು ತಿಂಗಳು ನೋಡೋಣ. ಸಕ್ಕರೆ ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಶುರು ಮಾಡ್ಬೇಕು" ಎಂದರು.

"ಅದು ಕುಡಿಯೋದಾ?"

"ಚುಚ್ಕೊಳ್ಳೋದು. ದಿನಾ."

ಮಾಸ್ಟರ್ ಮೇಜಿನ ಅಂಚು ಹಿಡಿದುಕೊಂಡರು.

"ಅದು ಬೇಡ ಅಂದ್ರೆ ಮಾತ್ರೆ ಬಿಡದೆ ನುಂಗಿ, ಚೆನ್ನಾಗಿ ನಡೀರಿ. ನಡಿಗೆ ಜೊತೆಗೆ ಭಾರಾನೂ ಎತ್ಬೇಕು. ಒಂದೇ ಮಾಡಿದ್ರೆ ಸಾಲದು."

'ಜೊತೆಗೆ' ಎಂಬ ಮಾತನ್ನು ಮಾಸ್ಟರ್, ಗಿರಾಕಿಯ ಅಳತೆಯಷ್ಟೇ ಶ್ರದ್ಧೆಯಿಂದ ಮನಸ್ಸಿನಲ್ಲಿಟ್ಟುಕೊಂಡರು. ಮರುದಿನ ಬೆಳಗ್ಗೆ ಅಂಗಡಿಯ ಎರಡು ಹಳೆಯ ಇದ್ದಿಲು ಇಸ್ತ್ರಿಪೆಟ್ಟಿಗೆಗಳನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಗಿಳಿದರು.

ಸೈಕಲ್ ರಿಪೇರಿಯವನು ಪಂಪು ಒತ್ತುವುದನ್ನು ನಿಲ್ಲಿಸಿದ. "ಏನ್ ಮಾಸ್ಟರ್, ಅಂಗಡಿ ಎತ್ಕೊಂಡು ಓಡಿಹೋಗ್ತಿದೀರಾ?"

"ನಡೀತಾ ಇದೀನಪ್ಪ."

"ಅದು ಕಾಣುತ್ತೆ. ಅವ್ಯಾಕೆ ಬಂದಿವೆ?"

"ಜೊತೆಗೆ."

ತಿರುವಿನ ಮನೆಯ ಅಜ್ಜಿ ಗೇಟಿನ ತನಕ ಬಂದು, "ಒಳ್ಳೇದಾಯ್ತು ಕಣಪ್ಪ, ಮನೆ ಬಾಗಿಲಿಗೇ ಬಂದೆ" ಎಂದು ಇಸ್ತ್ರಿಗೆಂದು ಒಂದು ಹೊರೆ ಅಂಗಿಗಳನ್ನು ಅವರ ಹೆಗಲಿಗೆ ಹೇರಿದರು. ಮಾಸ್ಟರ್, ಭಾರ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಹೊತ್ತು ನಡೆದರು. ಅಜ್ಜಿ ಅಕ್ಕಪಕ್ಕದವರಿಗೂ ಹೇಳಿದರು.

ವಾರ ಕಳೆಯುವುದರೊಳಗೆ ಬಲಭುಜ ಹಿಡಿದುಕೊಂಡಿತು. ಕತ್ತರಿ ಎತ್ತಲಾಗದೆ ಕೂತ ಗಂಡನನ್ನು ಹೆಂಡತಿ ಮತ್ತೆ ಡಾಕ್ಟರಮ್ಮನ ಮುಂದೆ ಕೂರಿಸಿದಳು.

ವಿಷಯ ಕೇಳಿ ಡಾಕ್ಟರಮ್ಮ ಭುಜ ಮುಟ್ಟಿ ನೋಡಿದರು. "ಜೊತೆಗೆ ಅಂದ್ರೆ ಹೊತ್ಕೊಂಡು ಅಲ್ಲ ಮಾಸ್ಟರ್. ಅದೂ ಮಾಡಿ, ಇದೂ ಮಾಡಿ ಅಂತ. ಇವತ್ತು ಕೈ ಬೀಸ್ಕೊಂಡು ನಡೀರಿ, ನಾಳೆ ಭಾರ ಎತ್ತಿ. ನಡೆದ್ರೆ ಸಕ್ಕರೆ ಖರ್ಚಾಗುತ್ತೆ. ಭಾರ ಎತ್ತಿದ್ರೆ ಮಾಂಸಖಂಡ ಬಲಿಯುತ್ತೆ, ಸಕ್ಕರೆ ಹೋಗಿ ಸೇರೋದು ಅಲ್ಲಿಗೇ."

"ನಾನು ಮೊದಲೇ ಹೇಳ್ದೆ. ಇವರಿಗೆ ಹೆಂಡ್ತಿ ಮಾತು ಕಿವಿಗೆ ಹೋಗಲ್ಲ" ಎಂದಳು ಹೆಂಡತಿ. ಅವಳು ಮೊದಲು ಏನೂ ಹೇಳಿರಲಿಲ್ಲ.

ಭುಜ ಸರಿಹೋದ ಮೇಲೆ ಮಾಸ್ಟರ್ ಡಾಕ್ಟರಮ್ಮ ಹೇಳಿದಂತೆಯೇ ಮಾಡಿದರು. ಒಂದು ದಿನ ಬರಿಗೈಯಲ್ಲಿ ಕೆರೆಯ ತನಕ ನಡಿಗೆ. ಇನ್ನೊಂದು ದಿನ ಅಂಗಡಿಯಲ್ಲೇ, ಸ್ಟೂಲಿನಿಂದ ಕೈ ಊರದೆ ಎದ್ದು ಕೂರುವುದು, ಇಸ್ತ್ರಿಪೆಟ್ಟಿಗೆ ನಿಧಾನವಾಗಿ ಎತ್ತಿ ಇಳಿಸುವುದು. ಅಳತೆ ಕೊಡಲು ಬಂದವರು ಅದು ಮುಗಿಯುವ ತನಕ ಕಾಯಬೇಕಿತ್ತು. ಅಜ್ಜಿ ಮಾತ್ರ ಬೆಳಗ್ಗೆ ಗೇಟಿನಲ್ಲಿ ನಿಂತು, "ಇವತ್ತು ಬರಿಗೈಲಿ ಬಂದೆಯಾ?" ಎಂದು ಬೇಸರಪಟ್ಟುಕೊಳ್ಳುತ್ತಿದ್ದರು.

ಮೂರು ತಿಂಗಳಾಯಿತು. ಸಕ್ಕರೆ ಇಳಿದಿದೆಯೋ ಇಲ್ಲವೋ ತಿಳಿಯಲು ರಕ್ತ ತೆಗೆಯಬೇಕು. ರಕ್ತ ತೆಗೆಯಲು ಸೂಜಿ ಬೇಕು. ಇದು ಮಾಸ್ಟರಿಗೆ ನೆನಪಾದದ್ದು ಲ್ಯಾಬಿನ ಕುರ್ಚಿಯಲ್ಲಿ ಕೂತ ಮೇಲೆ. ಅವರು ಎದ್ದರು. ಸ್ಟೂಲಿನ ಅಭ್ಯಾಸದಿಂದ ಬಹಳ ಸಲೀಸಾಗಿ ಎದ್ದರು. ಹೆಂಡತಿ ಭುಜ ಒತ್ತಿ ಮತ್ತೆ ಕೂರಿಸಿದಳು.

ಸಂಜೆ ರಿಪೋರ್ಟು ಬಂತು. "ಇನ್ಸುಲಿನ್ ಸದ್ಯಕ್ಕೆ ಬೇಡ. ಮಾತ್ರೆ ನಡೀಲಿ, ಇದನ್ನೂ ಬಿಡ್ಬೇಡಿ. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಿ" ಎಂದರು ಡಾಕ್ಟರಮ್ಮ. ಮಾಸ್ಟರ್ ಮೊದಲ ಮಾತಿಗೆ ನಕ್ಕು, ಕೊನೆಯ ಮಾತಿಗೆ ನಗು ನಿಲ್ಲಿಸಿದರು.

ಅಂಗಡಿಗೆ ಬಂದು, ಜಾರುತ್ತಿದ್ದ ತಮ್ಮ ಪ್ಯಾಂಟಿನ ಸೊಂಟ ಬಿಚ್ಚಿ ಒಳಗೆ ಹಿಡಿದು ಹೊಲಿದರು. ಹೆಚ್ಚಿಗೆ ಉಳಿದ ಬಟ್ಟೆಯ ಮೇಲೆ ಕತ್ತರಿ ಇಟ್ಟರು. ಸ್ವಲ್ಪ ಯೋಚಿಸಿದರು. ಕತ್ತರಿಸದೆ, ಮಡಚಿ ಒಳಗೇ ಬಿಟ್ಟರು.