ಸಕ್ಕರೆ ತುಂಬಿ ಮರಳಿ ಬಂದ ಡಬ್ಬಿಗಳು

ಹೋದ ತಿಂಗಳು ಸಿಂಧನೂರಿನ ಹೊಸ ಹೋಟೆಲೊಂದರಲ್ಲಿ ನಮ್ಮ ಹಳೆಯ ಓಣಿಯವರೊಬ್ಬರ ಮೊಮ್ಮಗನ ಹುಟ್ಟುಹಬ್ಬವಿತ್ತು. ವೈನಿನಲ್ಲಿ ಬೇಯಿಸಿದ ಕೋಳಿಯ ತಟ್ಟೆಯನ್ನು ತಂದು ಮುಂದಿಟ್ಟರು. ಹುಳಿತ ದ್ರಾಕ್ಷಿ, ಬೆಣ್ಣೆ, ಬೆಂದ ಅಣಬೆ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಎದುರುಮನೆಯ ಅಕ್ಕ ನೆನಪಾದರು…

ನಾವಾಗ ಮಸ್ಕಿಯಲ್ಲಿದ್ದೆವು. ಅಕ್ಕ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ಅವರ ತಮ್ಮ ಹೈದರಾಬಾದಿನ ಹೋಟೆಲೊಂದರಲ್ಲಿ ಅಡುಗೆಯವನು. ಬಂದಾಗಲೆಲ್ಲ ಅಕ್ಕನಿಗೆ ಒಂದು ದೇಶದ ಕೋಳಿ ಅಡುಗೆ ಕಲಿಸಿ, ಒಂದು ಬಾಟಲಿ ವೈನ್ ಇಟ್ಟುಹೋಗುತ್ತಿದ್ದ. ತೆಂಗಿನ ಹಾಲಿನ ಥಾಯ್ ಕೋಳಿ, ಆಲಿವ್ ಎಣ್ಣೆ ಬೆಳ್ಳುಳ್ಳಿಯ ಇಟಲಿ ಕೋಳಿ, ಕೆಂಪು ವೈನಿನಲ್ಲಿ ಮುಳುಗಿಸಿ ಬೇಯಿಸಿದ ಫ್ರಾನ್ಸಿನ ಕೋಳಿ…

"ತೆಂಗಿನ ಹಾಲಿಂದರ ಜೋಡಿ ಕುಡ್ಯಾಕ ಬಿಳೀ ವೈನು, ಅಣಬಿ ಹಾಕಿದ್ದಕ್ಕ ಕೆಂಪು. ತಿಳೀತಿಲ್ಲೋ ತಂಗಿ?" ಎಂದು ಗಾಜಿನ ಲೋಟಕ್ಕೆ ಎರಡು ಗುಟುಕು ಸುರಿದುಕೊಂಡು ಅಕ್ಕ ಪಾಠ ಹೇಳುತ್ತಿದ್ದರು.

ಕಾನ್ವೆಂಟಿನಲ್ಲಿ ಓದಿದ ನನಗೆ ವೈನ್ ಎಂದರೆ ಚರ್ಚಿನ ಪೂಜೆಯ ಬಟ್ಟಲು. ಅದರಲ್ಲಿ ಕೋಳಿಕಾಲು ತೇಲುವುದನ್ನು ನೋಡಲಾಗುತ್ತಿರಲಿಲ್ಲ. ಮಾಂಸವೆಲ್ಲ ನೇರಳೆಗೆ ತಿರುಗಿ, ಪೆಟ್ಟುಬಿದ್ದು ಕಂದಿದ ಮೈಯಂತೆ ಕಾಣುತ್ತಿತ್ತು. ಆದರೂ ಉಣ್ಣುತ್ತಿದ್ದೆ, ಮುಖ ಕಿವುಚಿಕೊಂಡು.

ಅಕ್ಕನಿಗೆ ಓಣಿಯವರೆಲ್ಲ ತಮ್ಮ ಕೈಯಡುಗೆ ಉಣ್ಣಬೇಕೆಂಬ ಆಸೆ. ಭಾನುವಾರ ಸ್ಟೀಲ್ ಡಬ್ಬಿಗಳಲ್ಲಿ ಮನೆಮನೆಗೆ ಕಳಿಸುತ್ತಿದ್ದರು. ಡಬ್ಬಿಯನ್ನು ಬರಿದಾಗಿ ಮರಳಿಸಬಾರದೆಂಬುದು ನಮ್ಮ ಕಡೆಯ ರೂಢಿ. ಹಾಗಾಗಿ ಅವು ಫಳಫಳ ಹೊಳೆಯುತ್ತ, ಒಳಗೆ ಸಕ್ಕರೆ ತುಂಬಿಕೊಂಡು ಬರುತ್ತಿದ್ದವು. "ಎಲ್ಲಾರೂ ಉಂಡಾರ ನೋಡು" ಎಂದು ಅಕ್ಕ ಹಿಗ್ಗುತ್ತಿದ್ದರು.

ಒಮ್ಮೆ ನಾನು ಮಾಳಿಗೆಯ ಮೇಲೆ ಸಂಡಿಗೆ ತಿರುವಿ ಹಾಕುತ್ತಿದ್ದೆ. ಕೆಳಗೆ ಮೂಲೆಮನೆಯ ಅತ್ತೆ ಹಳೇ ಬಟ್ಟೆಯ ತುದಿಯಿಂದ ಅಕ್ಕನ ಡಬ್ಬಿ ಹಿಡಿದು, ಮುಖ ಆಚೆ ತಿರುಗಿಸಿ, ಚರಂಡಿಗೆ ಸುರಿಯುತ್ತಿದ್ದರು. ತುಂಡುಗಳು ಕಪ್ಪು ರಾಡಿಯಲ್ಲಿ ಒಂದೊಂದಾಗಿ ಮುಳುಗಿದವು.

"ಯಾಕ್ರೀ ಅತ್ತಿ?"

"ಶೆರೆ ಹಾಕ್ಯಾಳ ಬೇ ಅದಕ್ಕ! ನಾವು ಉಣ್ಣಾಕ ಬರ್ತದೇನು?"

ಅಂದಿನದು ತೆಂಗಿನ ಹಾಲಿನ ಕೋಳಿ; ವೈನಿನ ಹನಿಯೂ ಇರಲಿಲ್ಲ. ಆಕೆಯ ಗಂಡ ಕುಡಿದಿಟ್ಟ ಬಾಟಲಿಗಳನ್ನಂತೂ ರದ್ದಿಯವನು ಚೀಲ ತುಂಬಿ ಒಯ್ಯುತ್ತಿದ್ದ. ಆಕೆಗೆ ಸೇರದಿದ್ದದ್ದು ಶೆರೆ ಅಲ್ಲ. ಗೋಡೆಗೆ ಬುದ್ಧನ ಪಟ ಹಾಕಿದ್ದ ಅಕ್ಕನ ಮನೆಯ ಜಾತಿ. ಯಾವ ನೇರಳೆ ಮಾಂಸ ಕಂಡೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ.

ಅಕ್ಕನಿಗೆ ಹೇಗೆ ಹೇಳಲಿ ಎಂದು ತಳಮಳಿಸಿದೆ. ಹೇಳುವ ಪ್ರಸಂಗವೇ ಬರಲಿಲ್ಲ. ಮುಂದಿನ ಭಾನುವಾರ ಫ್ರಾನ್ಸಿನ ಕೋಳಿ ಬಂತು. ಸಂಜೆ ಅಕ್ಕನ ಕಟ್ಟೆಗೆ ಹೆಂಗಸರು ಡಬ್ಬಿ ಹಿಡಿದು ಬಂದರು.

"ಭಾಳ ರುಚಿ ಆಗಿತ್ರೀ ಮೇಡಂ."

"ಉಪ್ಪು, ಹುಳಿ ಎಲ್ಲಾ ಬರೋಬ್ಬರಿ!" ಎಂದರು ಮೂಲೆಮನೆಯ ಅತ್ತೆ.

ಅಕ್ಕ ನನ್ನತ್ತ ತಿರುಗಿದರು. "ನಿನಗ ಹೆಂಗನಿಸ್ತು ತಂಗಿ?"

"ಸಿಟ್ಟಾಗಬ್ಯಾಡ್ರಿ ಅಕ್ಕಾ. ಆ ವಾಸನಿ ನನಗ ಸೇರಂಗಿಲ್ಲ. ಅದರಾಗ ಇವತ್ತ ಉಪ್ಪ ಹಾಕಿಲ್ಲ ನೀವು."

ಅಕ್ಕ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಹೌದು, ಮರ್ತಿದ್ದೆ. ಉಣ್ಣಾಕ ಕುಂತಾಗ ನನಗೂ ಗೊತ್ತಾತು" ಎಂದರು ಮೆಲ್ಲಗೆ. ಅತ್ತೆ ಸೆರಗು ಸರಿಮಾಡಿಕೊಂಡರು. ಅಕ್ಕ ಡಬ್ಬಿಗಳನ್ನು ಒಂದೊಂದಾಗಿ ಅವರವರ ಕೈಗೇ ಕೊಟ್ಟರು.

"ಸಕ್ಕರಿ ಒಯ್ರಿ. ಡಬ್ಬಿನೂ ನಿಮ್ಮ ಕಡೇನ ಇರಲಿ."

ಆಮೇಲೆ ಯಾರ ಮನೆಗೂ ಏನೂ ಹೋಗಲಿಲ್ಲ. ಭಾನುವಾರ ನಾನೇ ಅವರ ಅಡುಗೆಮನೆಯಲ್ಲಿ ಕುಳಿತು, ಅಡುಗೆಯನ್ನು ಬೈದು ಅಕ್ಕನನ್ನು ನಗಿಸುತ್ತಲೇ ಉಂಡು ಬರುತ್ತಿದ್ದೆ. ಮುಂದೆ ಅವರಿಗೆ ಲಿಂಗಸುಗೂರಿಗೆ ವರ್ಗವಾಯಿತು. ಹೋದ ವರ್ಷ ತೀರಿಕೊಂಡರೆಂದು ಯಾರೋ ಹೇಳಿದರು…

ಹೋಟೆಲಿನ ಮೇಜಿನ ಆಚೆಬದಿಗೆ ಮೂಲೆಮನೆಯ ಅತ್ತೆ ಅದೇ ವೈನ್ ಕೋಳಿಯ ಎಲುಬು ಚೀಪುತ್ತಿದ್ದರು. ಬೆರಳು ನೆಕ್ಕುತ್ತ ಎಲ್ಲರಿಗೂ ಕೇಳುವಂತೆ ಅಂದರು: "ನಮ್ಮ ಎದುರುಮನಿ ಮೇಡಂ ಮಾಡ್ತಿದ್ದಳಲ್ಲ, ಅದರ ಮುಂದ ಇದೇನೂ ಅಲ್ಲ ಬಿಡ್ರಿ. ಪುಣ್ಯಾತ್ಗಿತ್ತಿ… ಆಕಿ ಕೈರುಚಿ ಯಾರಿಗೂ ಬರಂಗಿಲ್ಲ."

ಸುತ್ತಲಿದ್ದವರೆಲ್ಲ ಹೌದುಹೌದೆಂದು ತಲೆಯಾಡಿಸಿದರು. ನಾನು ತಟ್ಟೆ ಸರಿಸಿ ಕೈ ತೊಳೆಯಲು ಎದ್ದೆ. ಆ ಕೈರುಚಿ ಹೇಗಿತ್ತೆಂದು ಬಲ್ಲವಳು ಆ ಮೇಜಿನಲ್ಲಿ ನಾನೊಬ್ಬಳೇ. ಚೆನ್ನಾಗಿಲ್ಲವೆಂದು ಮುಖದೆದುರೇ ಹೇಳಿ ನಗಿಸೋಣವೆಂದರೆ ಅಕ್ಕನೇ ಇಲ್ಲ.